ಹಳೆ ಕಾರು ಇಟ್ಟುಕೊಳ್ಳುವುದಾ, ಬದಲಾಯಿಸುವುದಾ? ಕರಾವಳಿಯ ಮನೆಯವರಿಗೊಂದು ಸುರಕ್ಷತೆಯ ಲೆಕ್ಕ

"ಗಾಡಿಗೆ ಎಂತದ್ದೂ ತೊಂದರೆ ಇಲ್ಲ ಮಾರಾಯ್ರೆ, ಎಂಜಿನ್ ಫಸ್ಟ್ ಕ್ಲಾಸ್ ಉಂಟು. ಸುಮ್ನೆ ಯಾಕೆ ಹತ್ತು ಲಕ್ಷ ಸುರಿಯುವುದು?" ಮಂಗಳೂರು, ಉಡುಪಿಯ ಯಾವ ಗ್ಯಾರೇಜಿನಲ್ಲಿ ಕೇಳಿದರೂ ಸಿಗುವ ಉತ್ತರ ಇದು. ಸುಳ್ಳೂ ಅಲ್ಲ. 2012, 2013ರ ಆಲ್ಟೊ, ವ್ಯಾಗನ್ ಆರ್, ಐ10, ರಿಟ್ಜ್‌ಗಳು ಇವತ್ತಿಗೂ ದಿನಾ ಸುರತ್ಕಲ್‌ನಿಂದ ಹಂಪನಕಟ್ಟೆಗೆ, ಬ್ರಹ್ಮಾವರದಿಂದ ಮಣಿಪಾಲಕ್ಕೆ ಓಡುತ್ತಿವೆ. ಆದರೆ ಮೆಕ್ಯಾನಿಕ್ ಹೇಳುತ್ತಿರುವುದು ಗಾಡಿ ಓಡುವ ವಿಷಯ. ಗಾಡಿ ಗುದ್ದಿದಾಗ ಒಳಗಿದ್ದವರಿಗೆ ಏನಾಗುತ್ತದೆ ಅನ್ನುವುದು ಬೇರೆಯೇ ವಿಷಯ.

ಮನೆಯವರ ಮುಂದಿರುವ ದಾರಿ ಮೂರು. ಇರುವ ಕಾರನ್ನೇ ಸರಿಮಾಡಿಸಿ ಇಟ್ಟುಕೊಳ್ಳುವುದು. ನಾಲ್ಕೈದು ವರ್ಷ ಓಡಿದ, ಗಟ್ಟಿ ಬಾಡಿಯ ಕಾರನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ತೆಗೆದುಕೊಳ್ಳುವುದು. ಇಲ್ಲವೇ ಶೋರೂಮಿಗೆ ಹೋಗಿ ಹೊಸದು ಬುಕ್ ಮಾಡುವುದು. ಯಾವುದು ಸರಿ ಅಂತ ನೋಡಲು ನಾನು ಒಂದೇ ಪ್ರಶ್ನೆ ಇಟ್ಟುಕೊಳ್ಳುತ್ತೇನೆ. ಈಗಿನ ಕಾರಿನಲ್ಲಿ ಇಲ್ಲದ್ದನ್ನು ಆಮೇಲೆ ಹಾಕಿಸಲು ಆಗುತ್ತದಾ? ಟೈರು, ವೈಪರ್, ಮಗುವಿನ ಸೀಟು, ಹಿಂದಿನ ಕ್ಯಾಮೆರಾ ಆಗುತ್ತದೆ. ಏರ್‌ಬ್ಯಾಗ್, ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದ ಹಾಗೆ ನೋಡುವ ವ್ಯವಸ್ಥೆ), ಇಎಸ್‌ಸಿ (ತಿರುವಿನಲ್ಲಿ ಕಾರು ಜಾರದ ಹಾಗೆ ತಡೆಯುವ ವ್ಯವಸ್ಥೆ), ಬಾಡಿಯ ಗಟ್ಟಿತನ ಆಗುವುದಿಲ್ಲ. ಅವು ಫ್ಯಾಕ್ಟರಿಯಿಂದ ಬಂದರೆ ಬಂತು. "ಹೊರಗಡೆ ಏರ್‌ಬ್ಯಾಗ್ ಫಿಟ್ ಮಾಡಿಕೊಡುತ್ತೇವೆ" ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಅದು ಯಾವ ಹೊಡೆತಕ್ಕೆ, ಎಷ್ಟು ಬೇಗ ತೆರೆದುಕೊಳ್ಳಬೇಕು ಅನ್ನುವುದನ್ನು ಆ ಮಾಡೆಲ್‌ನ ಕಾರುಗಳನ್ನೇ ಗುದ್ದಿಸಿ ನೋಡಿ ಗೊತ್ತುಮಾಡಿರುತ್ತಾರೆ. ರಸ್ತೆ ಬದಿಯ ಅಂಗಡಿಯಲ್ಲಿ ಆಗುವ ಕೆಲಸ ಅಲ್ಲ.

ಮೊದಲು ನಿಮ್ಮ ಕಾರಿನಲ್ಲಿ ಏನುಂಟು ನೋಡಿ

ಆರ್‌ಸಿ ತೆಗೆದು ಕಾರು ತಯಾರಾದ ತಿಂಗಳು, ವರ್ಷ ನೋಡಿ. ನಮ್ಮಲ್ಲಿ 2019 ಒಂದು ಗಡಿ. ಆ ವರ್ಷ ಏಪ್ರಿಲ್‌ನಿಂದ ಮಾರುವ ಎಲ್ಲ ಹೊಸ ಕಾರಿಗೂ ಎಬಿಎಸ್ ಕಡ್ಡಾಯವಾಯಿತು. ಜುಲೈಯಿಂದ ಡ್ರೈವರ್ ಏರ್‌ಬ್ಯಾಗ್, ಮುಂದಿನವರಿಗೆ ಬೆಲ್ಟ್ ನೆನಪಿಸುವ ಸದ್ದು, ವೇಗ ಮೀರಿದರೆ ಎಚ್ಚರಿಸುವ ಸದ್ದು, ರಿವರ್ಸ್ ಸೆನ್ಸರ್ ಬಂದವು. ಎದುರಿನಿಂದ ಗಂಟೆಗೆ 56 ಕಿ.ಮೀ., ಬದಿಯಿಂದ 50 ಕಿ.ಮೀ. ವೇಗದಲ್ಲಿ ಗುದ್ದಿಸಿ ನೋಡುವ ಸರ್ಕಾರಿ ಪರೀಕ್ಷೆ ಅದೇ ವರ್ಷ ಅಕ್ಟೋಬರ್‌ನಿಂದ ಹಳೆ ಮಾಡೆಲ್‌ಗಳಿಗೂ ಅನ್ವಯವಾಯಿತು. ಡ್ರೈವರ್ ಪಕ್ಕದಲ್ಲಿ ಕೂರುವವರ ಏರ್‌ಬ್ಯಾಗ್ ಎಲ್ಲ ಕಾರಿಗೂ ಬಂದದ್ದು 2022ರಿಂದ. ಅರ್ಧ ಊರನ್ನೇ ಹೊತ್ತು ಓಡಾಡಿದ ನಮ್ಮ ಓಮ್ನಿ ನಿಂತುಹೋದದ್ದೂ 2019ರಲ್ಲೇ.

ಅಂದರೆ 2019ಕ್ಕಿಂತ ಮೊದಲಿನ ಕಾರುಗಳೆಲ್ಲ ಖಾಲಿ ಅಂತಲ್ಲ. ಆಗಲೂ ಟಾಪ್ ಮಾಡೆಲ್ ತೆಗೆದುಕೊಂಡವರಿಗೆ ಎರಡು ಏರ್‌ಬ್ಯಾಗ್, ಎಬಿಎಸ್ ಸಿಗುತ್ತಿತ್ತು. ಬೇಸ್ ಮಾಡೆಲ್ ತೆಗೆದುಕೊಂಡವರಿಗೆ ಸ್ಟೀರಿಂಗ್ ನಡುವೆ ಬರೀ ಹಾರ್ನ್. ಹೀಗಾಗಿ ಮಾಡೆಲ್ ಹೆಸರು ನಂಬಬೇಡಿ, ಗಾಡಿಯನ್ನೇ ನೋಡಿ. ಸ್ಟೀರಿಂಗ್ ಮೇಲೂ ಎಡಗಡೆಯ ಡ್ಯಾಶ್‌ಬೋರ್ಡ್ ಮೇಲೂ ಏರ್‌ಬ್ಯಾಗ್ ಅಂತ ಅಚ್ಚೊತ್ತಿದೆಯಾ ಗಮನಿಸಿ. ಆಮೇಲೆ ಕೀ ತಿರುಗಿಸಿ. ಏರ್‌ಬ್ಯಾಗ್‌ನ ದೀಪ, ಎಬಿಎಸ್‌ನ ದೀಪ ಎರಡೂ ಹತ್ತಿ, ಕೆಲವು ಸೆಕೆಂಡಿನಲ್ಲಿ ಆರಬೇಕು. ಆರದೆ ಉಳಿದರೆ ಆ ವ್ಯವಸ್ಥೆಯಲ್ಲಿ ದೋಷ ಉಂಟು. ಹತ್ತುವುದೇ ಇಲ್ಲ ಅಂದರೆ ಇನ್ನೂ ಕೆಟ್ಟದ್ದು, ಯಾರೋ ಬಲ್ಬ್ ತೆಗೆದೋ ವೈರ್ ತಪ್ಪಿಸಿಯೋ ದೀಪವನ್ನೇ ಸುಮ್ಮನಾಗಿಸಿರಬಹುದು.

ಬೆಂಗಳೂರಿನವರಿಗೆ ಇಷ್ಟು ಸಾಕು. ನಮಗೆ ತುಕ್ಕು ಅನ್ನುವುದೊಂದು ಜಾಸ್ತಿ ಉಂಟು. ಪಣಂಬೂರು, ಮಲ್ಪೆ, ಉಚ್ಚಿಲದಂಥ ಕಡೆ ಮನೆ ಇದ್ದರೆ ಉಪ್ಪು ಗಾಳಿ ದಿನಾ ಬಡಿಯುತ್ತದೆ. ಮಳೆಗಾಲದಲ್ಲಿ ಕೆಸರು ಕೆಳಗೆ ಮೆತ್ತಿಕೊಂಡು ತಿಂಗಳುಗಟ್ಟಲೆ ಒಣಗುವುದಿಲ್ಲ. ಮೇಲಿನ ಬಣ್ಣ ಪಾಲಿಶ್ ಹೊಡೆದರೆ ಹೊಳೆಯುತ್ತದೆ, ಕೆಳಗೆ ಏನಾಗಿದೆ ಅಂತ ಯಾರೂ ಬಗ್ಗಿ ನೋಡುವುದಿಲ್ಲ. ಮುಂದಿನ ಮ್ಯಾಟ್ ಎತ್ತಿ ಕಾರ್ಪೆಟ್ ಅಡಿಗೆ ಕೈ ಹಾಕಿ. ಒದ್ದೆ ಇದೆಯಾ? ಬಾಗಿಲು ತೆಗೆದು ಕೆಳಗಿನ ಪಟ್ಟಿಯನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ. ಬಣ್ಣ ಉಬ್ಬಿದ ಕಡೆ ಒತ್ತಿದಾಗ ಚರ್ ಅಂತ ಒಳಗೆ ಹೋದರೆ, ಒಳಗಿನ ತಗಡು ಹೋಗಿದೆ ಅಂತ ಅರ್ಥ. ಜ್ಯಾಕ್ ಕೊಡುವ ಜಾಗ, ಬಾನೆಟ್ ತೆಗೆದಾಗ ಎರಡೂ ಬದಿ ಕಾಣುವ ಶಾಕ್ ಅಬ್ಸಾರ್ಬರ್ ತಲೆಯ ಸುತ್ತ, ಸೀಟ್ ಬೆಲ್ಟಿನ ಬೋಲ್ಟ್ ಕೂರುವ ಜಾಗ, ಈ ಮೂರು ಕಡೆ ತುಕ್ಕು ತೂತಾಗಿದ್ದರೆ ಚರ್ಚೆ ಅಲ್ಲಿಗೇ ಮುಗಿಯಿತು. ಗುದ್ದಿದಾಗ ಹೊಡೆತ ತೆಗೆದುಕೊಳ್ಳಬೇಕಾದ ಲೋಹವೇ ಇಲ್ಲದ ಕಾರಿಗೆ ಹೊಸ ಟೈರು ಹಾಕಿಸಿ ಪ್ರಯೋಜನ ಇಲ್ಲ.

ಕಾರಿಗೆ ಹದಿನೈದು ವರ್ಷ ತುಂಬುತ್ತಾ ಬಂದಿದ್ದರೆ ಈ ಪರೀಕ್ಷೆ ಹೇಗೂ ಬರುತ್ತದೆ. ನೋಂದಣಿ ಮುಂದುವರಿಸಬೇಕಾದರೆ ಆರ್‌ಟಿಒದಲ್ಲಿ ಗಾಡಿ ತೋರಿಸಬೇಕು, ಫೀಸು ಕಟ್ಟಬೇಕು, ಸಿಗುವುದು ಐದು ವರ್ಷ. ಅದಕ್ಕೆ ಮುಂಚೆ ಎಲ್ಲರೂ ಟಿಂಕರಿಂಗ್, ಪೇಂಟಿಂಗ್ ಅಂತ ಮೂವತ್ತು ನಲವತ್ತು ಸಾವಿರ ಹಾಕುತ್ತಾರೆ. ಆ ದುಡ್ಡು ಹಾಕುವ ಮೊದಲೇ ಬದಲಾಯಿಸುವ ಯೋಚನೆ ಮಾಡುವುದು ಒಳ್ಳೆಯದು.

ನಿಮ್ಮ ಕಾರು ಎಲ್ಲಿ ಓಡುತ್ತದೆ?

ಅಂಗಡಿ, ದೇವಸ್ಥಾನ, ಡಾಕ್ಟರು ಅಂತ ಊರೊಳಗೇ ಮೂವತ್ತು ನಲವತ್ತರ ವೇಗದಲ್ಲಿ ಓಡುವ ಕಾರು ಒಂದು ಲೆಕ್ಕ. ದಿನಾ ರಾಷ್ಟ್ರೀಯ ಹೆದ್ದಾರಿ 66 ಹಿಡಿಯುವ ಕಾರು ಬೇರೆಯೇ ಲೆಕ್ಕ. ವೇಗ ಅರವತ್ತರಿಂದ ಎಂಬತ್ತಕ್ಕೆ ಏರಿದರೆ ಹೊಡೆತದ ಶಕ್ತಿ ಮುಕ್ಕಾಲು ಪಾಲು ಜಾಸ್ತಿಯಾಗುತ್ತದೆ. ಇಪ್ಪತ್ತೇ ಕಿಲೋಮೀಟರ್ ಅಂತ ಕಾಣುತ್ತದೆ, ಲೆಕ್ಕ ಹಾಗಲ್ಲ.

ತಲಪಾಡಿಯಿಂದ ಕುಂದಾಪುರದವರೆಗೆ 66ರಲ್ಲಿ ಓಡಾಡುವವರಿಗೆ ನಾನು ಹೇಳಬೇಕಾಗಿಲ್ಲ. ರಸ್ತೆ ಅಗಲ ಉಂಟು, ಎಕ್ಸ್‌ಪ್ರೆಸ್ ಬಸ್ಸು ಹಿಂದಿನಿಂದ ಹಾರ್ನ್ ಒತ್ತುತ್ತಾ ಬರುತ್ತದೆ, ಎದುರಿಗೆ ಡಿವೈಡರ್ ತೆರೆದ ಜಾಗದಲ್ಲಿ ಟಿಪ್ಪರ್ ಅರ್ಧ ತಿರುಗಿ ನಿಂತಿರುತ್ತದೆ. ಸರ್ವಿಸ್ ರಸ್ತೆ ಇಲ್ಲದ ಕಡೆ ಸ್ಕೂಟರಿನವರು ರಾಂಗ್ ಸೈಡಿನಲ್ಲೇ ಬರುತ್ತಾರೆ. ಬೈಕಂಪಾಡಿ, ಪಣಂಬೂರಿನಲ್ಲಿ ಟ್ಯಾಂಕರ್, ಕಂಟೇನರ್. ಇಲ್ಲಿ ಎರಡು ತರಹದ ಹೊಡೆತಕ್ಕೆ ತಯಾರಿರಬೇಕು. ಒಂದು, ಮುಂದೆ ನಿಂತ ಗಾಡಿಗೆ ಹೋಗಿ ಗುದ್ದುವುದು. ಇನ್ನೊಂದು, ತೆರೆದ ಡಿವೈಡರ್‌ನಲ್ಲಿ ತಿರುಗುವಾಗ ಬದಿಗೆ ಬಂದು ಬೀಳುವುದು. ಮೊದಲನೆಯದಕ್ಕೆ ಎಬಿಎಸ್, ಮುಂದಿನ ಏರ್‌ಬ್ಯಾಗ್, ಗಟ್ಟಿ ಬಾಡಿ ಬೇಕು. ಎರಡನೆಯದಕ್ಕೆ ಬದಿಯ ಏರ್‌ಬ್ಯಾಗ್ ಮತ್ತು ಕಿಟಕಿ ಉದ್ದಕ್ಕೂ ಇಳಿಯುವ ಕರ್ಟನ್ ಏರ್‌ಬ್ಯಾಗ್. ಬದಿಯಲ್ಲಿ ನಮಗೂ ಗುದ್ದುವ ಗಾಡಿಗೂ ನಡುವೆ ಇರುವುದು ಒಂದು ಬಾಗಿಲು ಮಾತ್ರ, ಹಾಗಾಗಿ ಕರ್ಟನ್ ಏರ್‌ಬ್ಯಾಗನ್ನು ನಾನು ಅಲಂಕಾರದ ಲೆಕ್ಕಕ್ಕೆ ಸೇರಿಸುವುದಿಲ್ಲ.

ಘಟ್ಟ ಹತ್ತುವವರ ಕತೆ ಬೇರೆ. ಬೆಂಗಳೂರಿಗೆ ಶಿರಾಡಿ, ಚಿಕ್ಕಮಗಳೂರು ಕಡೆಗೆ ಚಾರ್ಮಾಡಿ, ತೀರ್ಥಹಳ್ಳಿಗೆ ಆಗುಂಬೆಯ ಹದಿನಾಲ್ಕು ತಿರುವು. ನಮ್ಮ ಜಿಲ್ಲೆಗಳಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಮೇಲೆ ಮಳೆ ಸುರಿಯುತ್ತದೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ರಸ್ತೆಯಲ್ಲಿ ನಾನು ಎಲ್ಲಕ್ಕಿಂತ ಮೊದಲು ಕೇಳುವುದು ಇಎಸ್‌ಸಿ. ಕೆಲವು ಕಂಪನಿಯವರು ಇದನ್ನೇ ಇಎಸ್‌ಪಿ ಅನ್ನುತ್ತಾರೆ. ತಿರುವಿನಲ್ಲಿ ಕಾರಿನ ಹಿಂಭಾಗ ಜಾರಲು ಶುರುವಾದರೆ, ನೀವು ಸ್ಟೀರಿಂಗ್ ತಿರುಗಿಸಿದ ದಿಕ್ಕಿಗೂ ಕಾರು ಹೋಗುತ್ತಿರುವ ದಿಕ್ಕಿಗೂ ತಾಳೆ ಇಲ್ಲ ಅಂತ ಅದಕ್ಕೆ ಗೊತ್ತಾಗುತ್ತದೆ. ಆಗ ಒಂದೊಂದೇ ಚಕ್ರಕ್ಕೆ ತಾನೇ ಬ್ರೇಕ್ ಹಾಕಿ, ಎಂಜಿನ್ ಶಕ್ತಿ ಇಳಿಸಿ, ಗಾಡಿಯನ್ನು ಸಾಲಿಗೆ ತರುತ್ತದೆ. ಏರ್‌ಬ್ಯಾಗ್ ಗುದ್ದಿದ ಮೇಲಿನ ಮಾತು, ಇಎಸ್‌ಸಿ ಗುದ್ದದ ಹಾಗೆ ನೋಡಿಕೊಳ್ಳುವ ಮಾತು. ಆದರೂ ಶೋರೂಮಿನಲ್ಲಿ ಏರ್‌ಬ್ಯಾಗ್ ಎಷ್ಟು ಅಂತ ಕೇಳುವವರೇ ಜಾಸ್ತಿ.

ಹಳೆಯದನ್ನೇ ಇಟ್ಟುಕೊಳ್ಳುವುದಾದರೆ

ಎರಡು ಏರ್‌ಬ್ಯಾಗ್, ಎಬಿಎಸ್ ಇರುವ ಕಾರು, ತುಕ್ಕಿಲ್ಲ, ಓಡಾಟ ಊರೊಳಗೇ ಜಾಸ್ತಿ. ಇಂಥವರಿಗೆ ಇದೇ ಸರಿಯಾದ ದಾರಿ. ಹತ್ತು ಲಕ್ಷದ ಬದಲು ನಲವತ್ತು ಐವತ್ತು ಸಾವಿರದಲ್ಲಿ ಎಷ್ಟೋ ಸುರಕ್ಷತೆ ಸಿಗುತ್ತದೆ. ಆ ದುಡ್ಡು ಯಾವುದಕ್ಕೆ ಅನ್ನುವುದೇ ಮುಖ್ಯ.

ಮೊದಲ ದುಡ್ಡು ಟೈರಿಗೆ. ಟೈರಿನ ಬದಿಯಲ್ಲಿ ನಾಲ್ಕು ಅಂಕೆಯ ಸಂಖ್ಯೆ ಇರುತ್ತದೆ. 2318 ಅಂತ ಇದ್ದರೆ 2018ರ 23ನೇ ವಾರ ತಯಾರಾದದ್ದು. ಕಡಿಮೆ ಓಡುವ ಕಾರಿನಲ್ಲಿ ಟೈರಿನ ಹಲ್ಲು ಸವೆಯುವ ಮೊದಲೇ ರಬ್ಬರ್ ಗಟ್ಟಿಯಾಗಿರುತ್ತದೆ. ನೋಡಲು ಹೊಸದರ ಹಾಗೆ, ಒದ್ದೆ ರಸ್ತೆಯಲ್ಲಿ ಹಿಡಿತ ಇಲ್ಲ. ಐದಾರು ವರ್ಷ ದಾಟಿದ್ದರೆ ಹಲ್ಲು ಎಷ್ಟೇ ಇರಲಿ, ಬದಲಾಯಿಸಿ. ಹಲ್ಲಿನ ಆಳ ಕಾನೂನು ಪ್ರಕಾರ 1.6 ಮಿ.ಮೀ. ಇದ್ದರೆ ಸಾಕು, ಆದರೆ ನಮ್ಮ ಜೂನ್ ತಿಂಗಳ ಮಳೆಗೆ 3 ಮಿ.ಮೀ. ಇಳಿದಾಗಲೇ ಮುಗಿಯಿತು ಅಂತ ಇಟ್ಟುಕೊಳ್ಳುವುದು ಕ್ಷೇಮ. ನೀರು ನಿಂತ ಕಡೆ ವೇಗವಾಗಿ ಹೋದಾಗ ಟೈರು ನೀರನ್ನು ಹೊರಗೆ ತಳ್ಳಲಾರದೆ ಅದರ ಮೇಲೇ ತೇಲುತ್ತದೆ. ಆ ಹೊತ್ತಿಗೆ ಎಬಿಎಸ್ ಇದ್ದರೂ, ಇಎಸ್‌ಸಿ ಇದ್ದರೂ ಏನೂ ಮಾಡಲಾಗದು. ಸಣ್ಣ ಕಾರಿಗೆ ನಾಲ್ಕು ಟೈರು ಇಪ್ಪತ್ತು ಸಾವಿರದ ಆಸುಪಾಸಿನಲ್ಲಿ ಆಗುತ್ತದೆ. ಮೇ ತಿಂಗಳಲ್ಲೇ ಹಾಕಿಸಿ, ಜತೆಗೆ ವೈಪರ್ ಬ್ಲೇಡ್ ಹೊಸದು. ಹೆಡ್‌ಲೈಟ್ ಗಾಜು ಹಳದಿಯಾಗಿದ್ದರೆ ಪಾಲಿಶ್ ಮಾಡಿಸಿ. ಕಣ್ಣು ಕುಕ್ಕುವ ಎಲ್‌ಇಡಿ ಬಲ್ಬ್ ಹಾಕಿಸುವುದು ಬೇಡ, ಎದುರಿನವನು ಕುರುಡಾದರೆ ಬಂದು ಬೀಳುವುದು ನಮ್ಮ ಮೇಲೆಯೇ ಅಲ್ವಾ?

ಎರಡನೆಯದು ಹಿಂದಿನ ಸೀಟು. ಈಗಲೇ ಹೋಗಿ ನಿಮ್ಮ ಕಾರಿನ ಹಿಂದಿನ ಬೆಲ್ಟ್ ಎಳೆದು ಹಾಕಿ ನೋಡಿ. ಎಷ್ಟೋ ಕಾರುಗಳಲ್ಲಿ ಬೆಲ್ಟಿನ ನಾಲಗೆ ಕಾಣುತ್ತದೆ, ಅದನ್ನು ಸಿಕ್ಕಿಸುವ ಬಕಲ್ ಮಾತ್ರ ಕಾಣುವುದಿಲ್ಲ. ಹೊಸತರಲ್ಲಿ ಸೀಟ್ ಕವರ್ ಹಾಕಿಸುವಾಗ ಅಂಗಡಿಯ ಹುಡುಗ ಮೂರೂ ಬಕಲ್‌ಗಳನ್ನು ಸೀಟಿನ ಸಂದಿಗೆ ತಳ್ಳಿ, ಮೇಲಿಂದ ರೆಗ್ಸಿನ್ ಎಳೆದು ಕೊಕ್ಕೆ ಸಿಕ್ಕಿಸಿಬಿಟ್ಟಿರುತ್ತಾನೆ. ಅಂದಿನಿಂದ ಅಜ್ಜಿ, ಮಕ್ಕಳು ಯಾರೂ ಬೆಲ್ಟ್ ಹಾಕಿಲ್ಲ, ಯಾರೂ ಕೇಳಿಯೂ ಇಲ್ಲ. ಕವರ್ ಎತ್ತಿ, ಬಕಲ್‌ಗಳನ್ನು ಹೊರಗೆ ತೆಗೆದು, ಅವು ಬರುವ ಕಡೆ ಕವರಿಗೆ ಸೀಳು ಕೊಡಿಸಿ. ಖರ್ಚು ನೂರು ರೂಪಾಯಿಯೂ ಇಲ್ಲ. ಬಕಲ್ ಒಳಗೆ ಮಣ್ಣು, ಬಿಸ್ಕತ್ತಿನ ಚೂರು ತುಂಬಿ ಕ್ಲಿಕ್ ಆಗದಿದ್ದರೆ ಸ್ವಚ್ಛ ಮಾಡಿಸಿ. ಬೆಲ್ಟಿನ ಪಟ್ಟಿ ನೂಲು ಎದ್ದಿದ್ದರೆ ಬದಲಾಯಿಸಿ.

2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಹತ್ತಿರ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡ ಅಪಘಾತ ನೆನಪಿರಬಹುದು. ಕಾರು ಮರ್ಸಿಡಿಸ್. ಬೆಲ್ಟಿಲ್ಲದೆ ಹಿಂದೆ ಕೂತಿದ್ದ ಇಬ್ಬರೂ ಹೋದರು, ಮುಂದಿನ ಇಬ್ಬರು ಬದುಕಿದರು. ಗುದ್ದಿಸಿ ನೋಡುವ ಪರೀಕ್ಷೆಯಲ್ಲಿ ಐದು ಸ್ಟಾರ್ ಸಿಕ್ಕಿದ, ಆದರೆ ಹಿಂದಿನವರು ಬೆಲ್ಟ್ ಹಾಕದ ಕಾರಿಗಿಂತ, ಎಲ್ಲರೂ ಬೆಲ್ಟ್ ಹಾಕಿದ ಎರಡು ಸ್ಟಾರ್ ಕಾರನ್ನೇ ನಾನು ಆರಿಸಿಕೊಳ್ಳುತ್ತೇನೆ. ಬೆಲ್ಟ್ ಇಲ್ಲದ ಹಿಂದಿನವರು ಮುಂದಿನ ಸೀಟಿಗೇ ಬಂದು ಅಪ್ಪಳಿಸುವುದರಿಂದ ಮುಂದಿನವರಿಗೂ ಕ್ಷೇಮ ಇಲ್ಲ.

ಮೂರನೆಯದು ಮಗುವಿನ ಸೀಟು. ನಮ್ಮ ಕಡೆ ಮಗು ಅಮ್ಮನ ಮಡಿಲಲ್ಲಿ, ಅದೂ ಮುಂದಿನ ಸೀಟಿನಲ್ಲಿ. ಗಂಟೆಗೆ ಐವತ್ತರಲ್ಲಿ ಗುದ್ದಿದಾಗ ಮಗುವನ್ನು ತೋಳಿನಲ್ಲಿ ಹಿಡಿದುಕೊಳ್ಳಲು ಯಾರಿಂದಲೂ ಆಗುವುದಿಲ್ಲ. ಮುಂದೆ ಏರ್‌ಬ್ಯಾಗ್ ಇದ್ದರಂತೂ ಅದು ತೆರೆಯುವ ರಭಸವೇ ಮಗುವಿಗೆ ಅಪಾಯ. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಬೆಲ್ಟ್ ಅಥವಾ ಮಕ್ಕಳ ಸೀಟಿನಲ್ಲಿ ಕೂರಿಸದಿದ್ದರೆ ಸಾವಿರ ರೂಪಾಯಿ ದಂಡ ಅಂತ ಕಾನೂನೂ ಉಂಟು. ಎಷ್ಟೋ ಹಳೆ ಕಾರುಗಳಲ್ಲಿ ಐಸೊಫಿಕ್ಸ್ (ಮಗುವಿನ ಸೀಟನ್ನು ನೇರ ಕಾರಿಗೇ ಸಿಕ್ಕಿಸುವ) ಕೊಂಡಿ ಇರುವುದಿಲ್ಲ, ಆದರೆ ಹಿಂದೆ ಮೂರು ಬಿಂದುವಿನ ಬೆಲ್ಟ್ ಇದ್ದರೆ ಅದರಿಂದಲೇ ಕಟ್ಟುವ ಸೀಟುಗಳು ಸಿಗುತ್ತವೆ. ನಡುವಿನ ಸೀಟಿಗೆ ಸೊಂಟಕ್ಕೆ ಮಾತ್ರ ಬೆಲ್ಟ್ ಇದ್ದರೆ ಅಲ್ಲಿ ಬೇಡ, ಬದಿಗೆ ಕಟ್ಟಿ. ಪುಟ್ಟ ಮಗುವಿನ ಸೀಟು ಹಿಂದಕ್ಕೆ ಮುಖ ಮಾಡಿರಬೇಕು.

ತೆಗೆಸಬೇಕಾದ್ದೂ ಉಂಟು. ಮುಂದೆ ಹಾಕಿಸಿದ ಕಬ್ಬಿಣದ ಬಂಪರ್ ಗಾರ್ಡನ್ನು ಕೇಂದ್ರ ಸರ್ಕಾರ 2017ರ ಡಿಸೆಂಬರ್‌ನಲ್ಲೇ ಬೇಡ ಅಂದಿದೆ. ಅದು ಹೊಡೆತವನ್ನು ನೇರ ಚಾಸಿಗೆ ದಾಟಿಸುತ್ತದೆ, ಏರ್‌ಬ್ಯಾಗ್ ಸೆನ್ಸರಿನ ಲೆಕ್ಕ ತಪ್ಪಿಸುತ್ತದೆ, ಪಾದಚಾರಿಗಳಿಗಂತೂ ಕಂಟಕ. ಬೆಲ್ಟಿನ ಸದ್ದು ನಿಲ್ಲಿಸಲು ಬಕಲ್‌ಗೆ ಸಿಕ್ಕಿಸಿದ ಖಾಲಿ ಕ್ಲಿಪ್ಪನ್ನೂ ಕಿತ್ತು ಬಿಸಾಡಿ.

ಸೆಕೆಂಡ್ ಹ್ಯಾಂಡ್: ನನಗೆ ಇಷ್ಟವಾದ ನಡುದಾರಿ

ಏರ್‌ಬ್ಯಾಗ್ ಇಲ್ಲದ ಹಳೆ ಕಾರು, ಕೈಯಲ್ಲಿ ನಾಲ್ಕರಿಂದ ಆರು ಲಕ್ಷ. ಇಂಥವರು ಹೊಸ ಕಾರಿನ ಅತಿ ಕಡಿಮೆ ಮಾಡೆಲ್‌ಗೆ ಹೋಗುವ ಬದಲು ಗಟ್ಟಿ ಬಾಡಿಯ ಹಳೆ ಕಾರು ನೋಡುವುದೇ ಲಾಭ. ಗ್ಲೋಬಲ್ ಎನ್‌ಕ್ಯಾಪ್ ಅನ್ನುವ ವಿದೇಶಿ ಸಂಸ್ಥೆ 2014ರಿಂದ ನಮ್ಮ ಕಾರುಗಳನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ಗುದ್ದಿಸಿ ಸ್ಟಾರ್ ಕೊಡುತ್ತಾ ಬಂದಿದೆ. ಎರಡು ಏರ್‌ಬ್ಯಾಗಿನ ಪೋಲೋಗೆ 2014ರಲ್ಲಿ ದೊಡ್ಡವರ ಸುರಕ್ಷತೆಯಲ್ಲಿ 4 ಸ್ಟಾರ್ ಸಿಕ್ಕಿತ್ತು. 2018ರಲ್ಲಿ ಬ್ರೆಝಾಗೆ 4, ಅದೇ ವರ್ಷ ಕೊನೆಗೆ ನೆಕ್ಸಾನ್‌ಗೆ 5. 2020ರಲ್ಲಿ ಎಕ್ಸ್‌ಯುವಿ 300, ಆಲ್ಟ್ರೋಜ್‌ಗೆ 5, ಟಿಯಾಗೊಗೆ 4. 2021ರಲ್ಲಿ ಪಂಚ್‌ಗೆ 5.

ಪಂಚ್ ಆ 5 ಸ್ಟಾರ್ ತೆಗೆದದ್ದು ಎರಡೇ ಏರ್‌ಬ್ಯಾಗಿನಲ್ಲಿ. ಆರು ಏರ್‌ಬ್ಯಾಗ್ ಇದ್ದರೆ ಐದು ಸ್ಟಾರ್ ಅಂತ ತಿಳಿದವರು ಇದನ್ನು ಗಮನಿಸಬೇಕು. ಒಳಗಿನವರು ಕೂತ ಜಾಗ ಕುಗ್ಗದೆ ನಿಂತರೆ ತಾನೇ ಏರ್‌ಬ್ಯಾಗಿಗೆ ಕೆಲಸ.

ಆದರೆ ಈ ಸ್ಟಾರ್‌ಗಳಲ್ಲಿ ಎರಡು ಗಂಟು ಉಂಟು. ಮಕ್ಕಳ ಸ್ಟಾರ್ ಬೇರೆಯೇ ಇರುತ್ತದೆ. 2018ರ ನೆಕ್ಸಾನ್‌ಗೆ ದೊಡ್ಡವರಿಗೆ 5 ಇದ್ದರೂ ಮಕ್ಕಳಿಗೆ ಸಿಕ್ಕಿದ್ದು 3. ಇನ್ನೊಂದು, 2022ರಲ್ಲಿ ಪರೀಕ್ಷೆಯ ನಿಯಮವೇ ಬಿಗಿಯಾಯಿತು, ಬದಿಯ ಹೊಡೆತ, ಇಎಸ್‌ಸಿ ಎಲ್ಲ ಲೆಕ್ಕಕ್ಕೆ ಬಂತು. ವ್ಯಾಗನ್ ಆರ್ 2019ರಲ್ಲಿ 2 ಸ್ಟಾರ್ ತೆಗೆದಿತ್ತು, 2023ರಲ್ಲಿ 1. ಕಾರು ಕೆಟ್ಟದಾಗಲಿಲ್ಲ, ಪರೀಕ್ಷೆ ಕಷ್ಟವಾಯಿತು. ಹೀಗಾಗಿ 2020ರ 5 ಸ್ಟಾರನ್ನು 2024ರ 5 ಸ್ಟಾರಿನ ಪಕ್ಕ ಇಟ್ಟು ತೂಗಬೇಡಿ.

ಕೊಳ್ಳುವಾಗ ಏರ್‌ಬ್ಯಾಗ್ ಒಮ್ಮೆ ತೆರೆದ ಕಾರಾ ಅನ್ನುವುದೇ ದೊಡ್ಡ ಪ್ರಶ್ನೆ. ಹೊಸ ಏರ್‌ಬ್ಯಾಗ್ ದುಬಾರಿ, ಕೆಲವರು ಬರೀ ಮುಚ್ಚಳ ಹಾಕಿ ಮಾರುತ್ತಾರೆ. ಕಂಪನಿ ಸರ್ವಿಸ್ ದಾಖಲೆ ಮತ್ತು ವಿಮೆಯ ಕ್ಲೇಮಿನ ಇತಿಹಾಸ ಕೇಳಿ. ಕೊಡಲು ಹಿಂದೇಟು ಹಾಕಿದರೆ ಬಿಟ್ಟುಬಿಡಿ, ಕಾರು ಬೇಕಾದಷ್ಟು ಉಂಟು. ನೆರೆ ನೀರು ನುಗ್ಗಿದ ಕಾರಿನಲ್ಲಿ ಸೀಟಿನಡಿಯ ವೈರಿನ ಕನೆಕ್ಟರ್ ಹಸಿರುಗಟ್ಟಿರುತ್ತದೆ, ಟಾರ್ಚ್ ಹಾಕಿ ನೋಡಿ. ಕಾಸರಗೋಡು ಕಡೆಯ ಕೇರಳ ನೋಂದಣಿಯ ಕಾರು ಅಗ್ಗಕ್ಕೆ ಸಿಕ್ಕಿತು ಅಂತ ಓಡಬೇಡಿ. ಇಲ್ಲಿ ಶಾಶ್ವತವಾಗಿ ಓಡಿಸಬೇಕಾದರೆ ಎನ್‌ಒಸಿ ತರಬೇಕು, ಕರ್ನಾಟಕದ ತೆರಿಗೆ ಕಾರಿನ ವಯಸ್ಸಿನ ಪ್ರಕಾರ ಮತ್ತೆ ಕಟ್ಟಬೇಕು. ಕೆಎ 19, ಕೆಎ 20ರ ಕಾರಿಗೆ ಆ ಕಿರಿಕಿರಿ ಇಲ್ಲ, ತುಕ್ಕು ಮಾತ್ರ ನೋಡಿಕೊಳ್ಳಬೇಕು. ಘಟ್ಟದ ಮೇಲಿನ ಕಾರಾದರೆ ತುಕ್ಕಿನ ಚಿಂತೆಯೂ ಕಡಿಮೆ. ಹಾಸನ, ಮೈಸೂರು ಕಡೆಯ ಗಾಡಿಗಳ ಮೇಲೂ ಒಂದು ಕಣ್ಣಿಡಿ.

ಹೊಸದು

ಈಗ ಹೊಸ ಕಾರು ನೋಡುವವರಿಗೆ ನಮ್ಮ ದೇಶದ್ದೇ ಸ್ಟಾರ್ ಪರೀಕ್ಷೆ, ಭಾರತ್ ಎನ್‌ಕ್ಯಾಪ್ ಉಂಟು. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂತು. ಎದುರಿನಿಂದ 64, ಬದಿಯಿಂದ 50, ಕಂಬಕ್ಕೆ ಬದಿಯಿಂದ 29 ಕಿ.ಮೀ. ವೇಗದ ಪರೀಕ್ಷೆ. ದೊಡ್ಡವರಿಗೆ 32ಕ್ಕೆ, ಮಕ್ಕಳಿಗೆ 49ಕ್ಕೆ ಅಂಕ. ಬರೀ ಸ್ಟಾರ್ ನೋಡದೆ ಈ ಅಂಕಗಳನ್ನೇ ನೋಡಿ. 5 ಸ್ಟಾರಿಗೆ ದೊಡ್ಡವರಲ್ಲಿ 27, ಮಕ್ಕಳಲ್ಲಿ 41 ಬೇಕು. 27.5 ತೆಗೆದದ್ದೂ 31 ತೆಗೆದದ್ದೂ ಜಾಹೀರಾತಿನಲ್ಲಿ ಒಂದೇ.

ಸಣ್ಣ ಕಾರುಗಳಲ್ಲೂ ಈಗ ಬದಲಾವಣೆ ಆಗಿದೆ. ಹ್ಯುಂಡೈ 2023ರಲ್ಲಿ ತನ್ನ ಎಲ್ಲ ಕಾರಿಗೂ ಆರು ಏರ್‌ಬ್ಯಾಗ್ ಕೊಡುವುದಾಗಿ ಹೇಳಿತು. ಮಾರುತಿ 2025ರಲ್ಲಿ ಆಲ್ಟೊ ಕೆ10, ವ್ಯಾಗನ್ ಆರ್, ಸೆಲೆರಿಯೊಗೂ ಆರು ಹಾಕಿತು. ಒಳ್ಳೆಯದೇ. ಡಿಸೈರ್‌ನ ಹೊಸ ಮಾಡೆಲ್ 2024ರ ನವೆಂಬರ್‌ನಲ್ಲಿ ಗ್ಲೋಬಲ್ ಎನ್‌ಕ್ಯಾಪ್‌ನಲ್ಲಿ 5 ಸ್ಟಾರ್ ತೆಗೆದಾಗ "ಗಟ್ಟಿ ಕಾರು ಅಂದರೆ ಟಾಟಾ, ಮಹೀಂದ್ರಾ ಮಾತ್ರ" ಅನ್ನುವ ಮಾತಿಗೂ ಪೆಟ್ಟು ಬಿತ್ತು. ಹೆಸರು ನೋಡಿ ಕೊಳ್ಳುವ ಕಾಲ ಮುಗಿದಿದೆ. ಮಾಡೆಲ್ ಮಾಡೆಲ್ ಬೇರೆ, ವರ್ಷ ವರ್ಷ ಬೇರೆ.

ದುಡ್ಡಿನ ವಿಷಯದಲ್ಲಿ ಎರಡು ಮಾತು. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರಿನೊಳಗಿನ ಸಣ್ಣ ಕಾರುಗಳ ಜಿಎಸ್‌ಟಿ ಶೇ. 18ಕ್ಕೆ ಇಳಿದಿದೆ. ಪೆಟ್ರೋಲ್ ಆದರೆ ಎಂಜಿನ್ 1,200 ಸಿಸಿ ಒಳಗೆ, ಡೀಸೆಲ್ ಆದರೆ 1,500 ಒಳಗೆ ಇರಬೇಕು. ಅದಕ್ಕಿಂತ ದೊಡ್ಡದಕ್ಕೆ ಶೇ. 40. ಇನ್ನೊಂದು ನಮ್ಮ ರಾಜ್ಯದ ಆಜೀವ ತೆರಿಗೆ, ದೇಶದಲ್ಲೇ ಜಾಸ್ತಿ ಇರುವವುಗಳಲ್ಲಿ ಒಂದು. ಪೆಟ್ರೋಲ್, ಡೀಸೆಲ್ ಕಾರಿಗೆ ಐದರಿಂದ ಹತ್ತು ಲಕ್ಷದವರೆಗೆ ಶೇ. 14, ಹತ್ತು ದಾಟಿ ಇಪ್ಪತ್ತರವರೆಗೆ ಶೇ. 17, ಮೇಲೆ ಸೆಸ್ ಬೇರೆ. 9.80 ಲಕ್ಷದ ಕಾರಿಗೆ ತೆರಿಗೆ 1,37,200. 10.20 ಲಕ್ಷದ್ದಕ್ಕೆ 1,73,400. ನಲವತ್ತು ಸಾವಿರದ ವ್ಯತ್ಯಾಸಕ್ಕೆ ಮೂವತ್ತಾರು ಸಾವಿರ ತೆರಿಗೆ ಜಾಸ್ತಿ. ಹತ್ತರ ಆಚೆ ಹೋಗುವುದಾದರೆ ಆ ಆಚೆಯ ಮಾಡೆಲ್‌ನಲ್ಲಿ ಸುರಕ್ಷತೆಗೆ ಏನು ಜಾಸ್ತಿ ಸಿಗುತ್ತದೆ ಅಂತ ಕೇಳಿ. ಬಹಳ ಸಲ ಉತ್ತರ ಸನ್‌ರೂಫ್. ನಾಲ್ಕು ತಿಂಗಳು ಮಳೆ, ಉಳಿದ ತಿಂಗಳು ಉರಿಬಿಸಿಲು ಇರುವ ಊರಿನಲ್ಲಿ ತಲೆಯ ಮೇಲೆ ಗಾಜು ಯಾಕೆ ಬೇಕೋ ನನಗಂತೂ ತಿಳಿದಿಲ್ಲ.

ಎಡಿಎಎಸ್ ಬಗ್ಗೆ ತುಂಬಾ ಕೇಳುತ್ತಾರೆ. ಕ್ಯಾಮೆರಾ, ರಾಡಾರ್ ಇಟ್ಟು ಮುಂದಿನ ಗಾಡಿಗೆ ಗುದ್ದುವ ಮೊದಲು ಎಚ್ಚರಿಸುವ, ತಾನೇ ಬ್ರೇಕ್ ಹಾಕುವ ವ್ಯವಸ್ಥೆ. 66ರಲ್ಲಿ ದೀಪ ಇಲ್ಲದೆ ನಿಂತ ಲಾರಿಗೆ ಇದು ಉಪಯೋಗಕ್ಕೆ ಬರಬಹುದು. ಆದರೆ ಜೋರು ಮಳೆಯಲ್ಲಿ ಕ್ಯಾಮೆರಾಕ್ಕೆ ಕಾಣದಿದ್ದರೆ ಅದು ಕೈಬಿಡುತ್ತದೆ, ಬಿಳಿ ಗೆರೆ ಅಳಿಸಿದ ರಸ್ತೆಯಲ್ಲಿ ಲೇನ್ ಹಿಡಿಯುವುದಿಲ್ಲ. ಸಿಕ್ಕರೆ ಇರಲಿ. ಅದಕ್ಕಾಗಿಯೇ ಎರಡು ಮೂರು ಲಕ್ಷ ಮೇಲಿನ ಮಾಡೆಲ್‌ಗೆ ಹೋಗುವುದು ನಮ್ಮ ರಸ್ತೆಗೆ ತಕ್ಕ ಖರ್ಚು ಅಂತ ನನಗೆ ಅನಿಸಿಲ್ಲ.

ಹಳೆ ಕಾರು ಮಾರುವಾಗ ವಿಮೆಯ ನೋ ಕ್ಲೇಮ್ ಬೋನಸ್ ಮರೆಯಬೇಡಿ. ಅದು ಕಾರಿನದ್ದಲ್ಲ, ಮಾಲೀಕರದ್ದು. ಶೇ. 50 ಆಗಿದ್ದರೆ ಸರ್ಟಿಫಿಕೇಟ್ ತೆಗೆದುಕೊಂಡು ಹೊಸ ಕಾರಿನ ವಿಮೆಗೆ ಹಚ್ಚಬಹುದು.

ಹಾಗಾದರೆ ಯಾರಿಗೆ ಯಾವುದು?

ಉಡುಪಿಯಲ್ಲಿ ನಿವೃತ್ತರಾದ ಗಂಡ ಹೆಂಡತಿ, 2017ರ ಎರಡು ಏರ್‌ಬ್ಯಾಗಿನ ಹ್ಯಾಚ್‌ಬ್ಯಾಕ್, ಮಠ, ಮಾರ್ಕೆಟ್, ವರ್ಷಕ್ಕೊಮ್ಮೆ ಧರ್ಮಸ್ಥಳ. ಬದಲಾಯಿಸುವ ಅಗತ್ಯ ಕಾಣುವುದಿಲ್ಲ. ಟೈರು, ಬೆಲ್ಟ್, ದೀಪ ಸರಿಮಾಡಿಸಿ, ಉಳಿದ ದುಡ್ಡು ಬ್ಯಾಂಕಿನಲ್ಲಿ ಇರಲಿ.

ಮುಲ್ಕಿಯಿಂದ ಮಂಗಳೂರಿಗೆ ದಿನಾ 66ರಲ್ಲಿ ಹೋಗಿಬರುವ, ಎರಡು ವರ್ಷದ ಮಗು ಇರುವ ಮನೆ, 2013ರ ಬೇಸ್ ಮಾಡೆಲ್ ಕಾರು. ಇವರು ಬದಲಾಯಿಸಲೇಬೇಕು, ಎಂಜಿನ್ ಎಷ್ಟೇ ಚೆನ್ನಾಗಿರಲಿ. ಬಜೆಟ್ ಕಡಿಮೆಯಾದರೆ 2020ರ ನಂತರದ ಸೆಕೆಂಡ್ ಹ್ಯಾಂಡ್, ಐಸೊಫಿಕ್ಸ್ ಇರುವಂಥದ್ದು. ಸಾಲ ತೆಗೆಯಲು ಆಗುವುದಾದರೆ ಹತ್ತು ಲಕ್ಷದೊಳಗೆ ಆರು ಏರ್‌ಬ್ಯಾಗ್, ಇಎಸ್‌ಸಿ ಎರಡೂ ಇರುವ ಹೊಸದು. ಸಿಗುವವರೆಗೆ ಮಗುವಿನ ಸೀಟನ್ನಾದರೂ ಈ ವಾರವೇ ತನ್ನಿ, ಹೊಸ ಕಾರಿಗೂ ಅದೇ ಬರುತ್ತದೆ.

ಮಗಳೋ ಮಗನೋ ಬೆಂಗಳೂರಿನಲ್ಲಿದ್ದು ತಿಂಗಳಿಗೊಮ್ಮೆ ಶಿರಾಡಿ ಹತ್ತುವವರಿಗೆ ಇಎಸ್‌ಸಿ ಇಲ್ಲದ ಕಾರನ್ನು ನಾನು ಹೇಳುವುದೇ ಇಲ್ಲ, ಅದಕ್ಕೆ ಹಳೆಯ 5 ಸ್ಟಾರ್ ಇದ್ದರೂ. ಕಾರು ಬದಲಾಯಿಸಲು ಈಗ ಆಗುವುದಿಲ್ಲ ಅಂದರೆ ಜುಲೈ, ಆಗಸ್ಟ್‌ನಲ್ಲಿ ರೈಲೋ ಬಸ್ಸೋ ಹಿಡಿಯಿರಿ. ಗುಡ್ಡ ಜರಿದು ರಸ್ತೆ ಬಂದ್ ಆಗುವ ತಿಂಗಳುಗಳೂ ಅವೇ.

ಶೋರೂಮಿಗೆ ಹೋಗುವಾಗ ಮನೆಯವರನ್ನೆಲ್ಲ ಕರೆದುಕೊಂಡು ಹೋಗಿ. ಹಿಂದೆ ಮೂವರನ್ನು ಕೂರಿಸಿ ಮೂರೂ ಬೆಲ್ಟ್ ಹಾಕಿಸಿ ನೋಡಿ. ನಡುವೆ ಕೂತವರಿಗೂ ಭುಜದ ಬೆಲ್ಟ್, ತಲೆಗೆ ಆಸರೆ ಉಂಟಾ? ಮಗುವಿನ ಸೀಟನ್ನು ಅಲ್ಲೇ ಸಿಕ್ಕಿಸಿ. ಟೆಸ್ಟ್ ಡ್ರೈವನ್ನು ಮಧ್ಯಾಹ್ನದ ಬದಲು ಸಂಜೆ ಏಳರ ನಂತರ ಕೇಳಿ, ಹೆಡ್‌ಲೈಟ್ ಎಷ್ಟು ದೂರ ಬೀಳುತ್ತದೆ ಅಂತ ಗೊತ್ತಾಗಲಿ. ನೀವು ಬುಕ್ ಮಾಡುವ ಅದೇ ಮಾಡೆಲ್‌ನಲ್ಲಿ ಏರ್‌ಬ್ಯಾಗ್ ಎಷ್ಟು, ಇಎಸ್‌ಸಿ ಉಂಟಾ ಇಲ್ವಾ ಅನ್ನುವುದನ್ನು ಕೊಟೇಶನ್ ಹಾಳೆಯ ಮೇಲೆ ಬರೆಸಿಕೊಳ್ಳಿ. ಸೀಟಿನ ಬದಿಯಲ್ಲಿ ಏರ್‌ಬ್ಯಾಗ್ ಇರುವ ಕಾರಾದರೆ, ಅವರು ಉಚಿತ ಅಂತ ಕೊಡುವ ಸೀಟ್ ಕವರ್ ಅದಕ್ಕೆ ಹೊಲಿಗೆ ಬಿಟ್ಟಿರುವಂಥದ್ದಾ ಅಂತ ಕೇಳಿ. ಅಲ್ಲದಿದ್ದರೆ ಕವರ್ ಬೇಡ, ಅದರ ದುಡ್ಡು ಬಿಲ್ಲಿನಲ್ಲಿ ಕಡಿಮೆ ಮಾಡಿ ಅನ್ನಿ.